ಬೀಜಕ್ಕೆ ಬಿಟ್ಟ ಬದನೆ

ಕೆರಗೋಡಿನ ಪಟ್ಟಲಮ್ಮನಿಗೆ ಎರಡು ಬಗೆಯ ಜನರನ್ನು ಕಂಡರೆ ಆಗುತ್ತಿರಲಿಲ್ಲ. ಕಾಯಿ ಬಿಟ್ಟ ಗಿಡದ ಮುಂದೆ ನಿಂತು ಇದೇನು ಗಿಡ ಎಂದು ಕೇಳುವವರು ಒಂದು ಬಗೆ. ಕೇಳದೆಯೇ ಎಲ್ಲ ತಿಳಿದವರಂತೆ ತಲೆಯಾಡಿಸುವವರು ಇನ್ನೊಂದು ಬಗೆ. ಮಂಡ್ಯದ ಜನಸೇವಾ ಕ್ಲಬ್ಬಿನಲ್ಲಿ ಎರಡೂ ಬಗೆಯವರು ಬೇಕಾದಷ್ಟಿದ್ದರು.

ಅವಳು ಮಳವಳ್ಳಿ ಸೀಮೆಯ ಹೆಣ್ಣು. ಹದಿಮೂರನೆಯ ವಯಸ್ಸಿಗೆ ಮದುವೆಯಾಗಿ ಬರುವಾಗ ಅವಳವ್ವ ಒಡವೆ ಇಡಲಾರದೆ ಸೆರಗಿನ ತುದಿಗೆ ಒಂದು ಹಿಡಿ ಬದನೆ ಬೀಜ ಕಟ್ಟಿ ಕಳಿಸಿದ್ದಳು. ಗಂಡ ಹತ್ತು ವರ್ಷ ಬಾಳಿ ಸತ್ತ. ತವರಿನವರು ಪ್ಲೇಗಿನ ವರ್ಷ ಊರು ಬಿಟ್ಟವರು ಮತ್ತೆ ಒಕ್ಕಲು ಕಟ್ಟಲಿಲ್ಲ. ಉಳಿದದ್ದು ಕಾಲುವೆ ಪಕ್ಕದ ಹದಿನೈದು ಗುಂಟೆ ಹಿತ್ತಲು, ಮತ್ತು ಆ ಬದನೆ. ಹಸಿರು ಕಾಯಿ, ಮೈಮೇಲೆ ಬಿಳಿ ಗೀರು, ಬೆಂದರೆ ಬೆಣ್ಣೆ. ಮಂಡ್ಯದ ಸಂತೆಯಲ್ಲಿ ಅವಳ ಮಂಕರಿ ಇಳಿಯುವುದನ್ನೇ ಜನ ಕಾಯುತ್ತಿದ್ದರು. ಕೊನೆಗೆ ಉಳಿದ ನಾಲ್ಕಾರು ಕಾಯನ್ನು ಗಾಣದ ಆಲೆಮನೆಯ ಕೂಲಿ ಹೆಂಗಸರ ಮಡಿಲಿಗೆ ಸುರಿದು, ಬೈದುಕೊಂಡೇ ಮನೆಗೆ ಬರುತ್ತಿದ್ದಳು. ಬೈಯದೆ ಏನನ್ನೂ ಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ.

ಪ್ರತಿ ವರ್ಷ ಹಿತ್ತಲಿನ ಅತ್ಯುತ್ತಮ ಗಿಡ ಒಂದನ್ನು ಆರಿಸಿ, ಅದರಲ್ಲಿ ನಾಲ್ಕು ಕಾಯನ್ನು ಬೀಜಕ್ಕೆಂದು ಬಿಡುವಳು. ತೊಟ್ಟಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಮೈಗೆ ಒಂದು ಸುಣ್ಣದ ಬೊಟ್ಟು ಇಡುವಳು. ಬಟ್ಟೆ ಕಟ್ಟಿದ ಕಾಯನ್ನು ಆ ಸೀಮೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹಿತ್ತಲಿಗೆ ನುಗ್ಗಿ ಗಿಡ ಬರಿದು ಮಾಡಿದ ಕಳ್ಳನೂ ಅವನ್ನು ಬಿಟ್ಟು ಹೋಗಿದ್ದುಂಟು. ಅವು ಗಿಡದಲ್ಲೇ ಮಾಗಿ, ಅರಿಸಿನದ ಬಣ್ಣಕ್ಕೆ ತಿರುಗಿ, ತೊಟ್ಟು ಒಣಗಿದ ಮೇಲೆ ಬೀಜ ತೆಗೆದು ಬೂದಿ ಬೆರೆಸಿ ಮಡಕೆಯಲ್ಲಿಡುವಳು. ಮಳೆಗಾಲಕ್ಕೆ ಒಟ್ಟಲು ಹಾಕಿ ಸಸಿ ಎಬ್ಬಿಸಿದರೆ ಇಡೀ ಬೀದಿಯ ಹೆಂಗಸರು ಮೊರ ಹಿಡಿದು ಸಸಿಗೆ ಬರುತ್ತಿದ್ದರು. "ಪಟ್ಟಲಮ್ಮ ಇರೋವಾಗ ನಮಗ್ಯಾಕವ್ವ ಬೀಜದ ರಗಳೆ" ಎಂದು ಬೇರೆ ಯಾರೂ ಬೀಜ ಇಡುತ್ತಲೇ ಇರಲಿಲ್ಲ.

ಅದು ಯುದ್ಧದ ಕಾಲ. ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು, ಮಾತಿಗೆ ಮಾತ್ರ ರೇಷನ್ನಿರಲಿಲ್ಲ. ಅಲ್ಲಿಯ ತನಕ ಇಸ್ಪೀಟು ಕಲಸುವುದೇ ಸೇವೆ ಎಂದುಕೊಂಡಿದ್ದ ಕ್ಲಬ್ಬಿಗೆ, ಆಹಾರ ಬೆಳೆಸಿರಿ ಎಂಬ ಸರ್ಕಾರದ ಕರೆ ಕಿವಿಗೆ ಬಿದ್ದದ್ದೇ ತಡ, ರೈತರ ಮೇಲೆ ಮಮತೆ ಉಕ್ಕಿತು. ಅಧ್ಯಕ್ಷರು ಲಾಯರು ಚೌಡಯ್ಯನವರು. ಮದ್ದೂರಿನ ಹತ್ತಿರದ ಹಳ್ಳಿಯವರೇ. ಅವರಪ್ಪ ಸಾಯುವ ತನಕ ಆರು ಕಟ್ಟಿ ಹೊಲ ಉತ್ತವರು. ಮಗ ಕೋಟು ತೊಟ್ಟ ದಿನದಿಂದ ಮಣ್ಣನ್ನು ಭಾಷಣದಲ್ಲಿ ಮಾತ್ರ ಮುಟ್ಟುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಪುಸ್ತಕದ ಬದನೆಕಾಯಿ.

ಕ್ಲಬ್ಬು ಗುರುವಾರಕ್ಕೊಮ್ಮೆ 'ಬಡವರಿಗೆ ತಾಜಾ ತರಕಾರಿ' ಎಂದು ಒಂದು ಚಪ್ಪರ ಹಾಕಿತು. ಪಟ್ಟಲಮ್ಮನೂ ಎರಡು ವಾರ ಮಂಕರಿ ಹೊತ್ತಳು. ಮೊದಲು ಅಧ್ಯಕ್ಷರ ಅಡಿಗೆಯವನು ಬಂದು ಎಳೆಕಾಯಿ ಆರಿಸಿಕೊಂಡ, ಆಮೇಲೆ ಡಾಕ್ಟರ ಮನೆಯವರು, ಆಮೇಲೆ ಕಾರ್ಯದರ್ಶಿಗಳ ಅತ್ತೆ. ಬಡವರ ಸರದಿ ಬರುವ ಹೊತ್ತಿಗೆ ಉಳಿದಿದ್ದದ್ದು ಬಾಡಿದ ಸೊಪ್ಪು ಮತ್ತು ಫೋಟೋ ತೆಗೆಯುವವನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮೂರನೆಯ ವಾರ ಅವಳು ಆ ಕಡೆ ತಲೆ ಹಾಕಲಿಲ್ಲ.

ಪುಷ್ಯ ಮಾಸದಲ್ಲಿ ಕ್ಲಬ್ಬಿನವರು ತರಕಾರಿ ಪ್ರದರ್ಶನ ಇಟ್ಟರು. ಉತ್ತಮ ಕಾಯಿಗೆ ಪದಕ, ಆಮೇಲೆ ಅದೇ ತರಕಾರಿಯಿಂದ ಗಣ್ಯರಿಗೆ ಊಟ. ಕಾಯಿ ಕೂಡಿಸಲು ಹಿಂದಿನ ದಿನ ತಾವೇ ಕಾರಿನಲ್ಲಿ ಹಳ್ಳಿಗಳ ಮೇಲೆ ಹೊರಟರು. ಕೆರಗೋಡಿಗೆ ಬಂದಾಗ ಪಟ್ಟಲಮ್ಮ ಕೊನೆಯ ಕೊಯ್ಲು ಹೊತ್ತು ಸಂತೆಗೆ ಹೋಗಿದ್ದಳು. ಜಗಲಿಯ ಮೇಲೆ ಅವಳ ಮೈದುನ ಚಿಕ್ಕಬೋರಯ್ಯ ಬೀಡಿ ಸೇದುತ್ತ ಕೂತಿದ್ದ. ಅದು ಅವನ ಹುಟ್ಟುಗುಣ.

ಗಿಡಗಳ ಕಾಲ ಮುಗಿಯುತ್ತ ಬಂದಿತ್ತು. ಹಿತ್ತಲೆಲ್ಲ ಬಾಡಿದ ಎಲೆ. ನಡುವೆ ಆ ಒಂದೇ ಗಿಡದಲ್ಲಿ ನಾಲ್ಕು ಹಳದಿ ಕಾಯಿ ತೂಗುತ್ತಿದ್ದವು.

"ಆಹಾ, ಬಂಗಾರದ ಬದನೆ!" ಎಂದರು ಚೌಡಯ್ಯನವರು. "ಇಂಥ ತಳಿ ನಾನು ಎಲ್ಲೂ ನೋಡಿಲ್ಲ. ನೋಡಿ ಡಾಕ್ಟರೇ, ಆಕೆ ಬಹುಮಾನಕ್ಕೆಂದೇ ಆರಿಸಿ ರಿಬ್ಬನ್ ಕೂಡ ಕಟ್ಟಿದ್ದಾಳೆ. ಹಳ್ಳಿಯವರಿಗೂ ಎಂಥ ಅಭಿರುಚಿ! ಬೋರಯ್ಯನವರೇ, ಇವನ್ನು ಕೊಯ್ದುಕೊಡಿ."

ಆ ವಿದ್ಯಾವಂತರಿಗೆ ಗೊತ್ತಿರಲಿಲ್ಲ, ಹೋಗಲಿ. ಚಿಕ್ಕಬೋರಯ್ಯನಿಗೆ ಗೊತ್ತಿತ್ತು. ಆದರೆ ಹುಟ್ಟಿದಾಗಿನಿಂದ ಅವನನ್ನು ಯಾರೂ ಬೋರಯ್ಯನವರೇ ಎಂದಿರಲಿಲ್ಲ. ಕಾರಿನ ಬಾಗಿಲನ್ನು ಬೇರೆ ಒಂದು ಸಲ ಮುಟ್ಟಲು ಬಿಟ್ಟಿದ್ದರು. ನಾಲ್ಕೂ ಕಾಯನ್ನು ತನ್ನ ಕೈಯಾರೆ ಕೊಯ್ದು, ಬಟ್ಟೆ ಚೂರು ಸಮೇತ ಬುಟ್ಟಿಯಲ್ಲಿಟ್ಟು ಕೈಮುಗಿದ.

ಸಂಜೆ ಪಟ್ಟಲಮ್ಮ ಬರಿದಾದ ಗಿಡ ನೋಡಿದಳು. ಮಂಕರಿ ಅಲ್ಲೇ ಕೈಜಾರಿತು.

"ಯಾವ ಬೇವರ್ಸಿನ್ಲಾ ಕಿತ್ತೋನು?"

"ದೊಡ್ಡೋರು ಕಣತ್ಗೆ. ಕಾರಲ್ ಬಂದಿದ್ರು. ನಿನ್ಗೆ ಪದಕ ಕೊಡ್ತಾರಂತೆ."

"ಪದಕವ ಒಟ್ಲಾಕಿ ನೀರುಯ್ಲೇನ್ಲಾ? ಕಳ್ಳ ನನ್ಮಗ್ನೂ ಮುಟ್ಟದ ಕಾಯ ಮನೇಲುಟ್ಟಿ ಬೆಳ್ದೋನು ಕಿತ್ತು ಕೊಟ್ಟಲ್ಲೊ, ನಿನ್ ಕೈ ಸೇದೋಗ!"

ಮಡಕೆಯಲ್ಲಿ ಹಳೆಯ ಬೀಜ ಒಂದು ಕಾಳೂ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಕೇಳಿದವರಿಗೆಲ್ಲ ಸಸಿ ಸಾಲದೆ, ಮಡಕೆ ಕೊಡವಿ ಎರಡನೆಯ ಸಲ ಒಟ್ಟಲು ಹಾಕಿದ್ದಳು. ಬೀದಿಯವರೂ ಕಾಯೆಲ್ಲ ಎಳೆಯದರಲ್ಲೇ ಕೊಯ್ದು ಗಿಡ ಕಿತ್ತು ಹಾಕಿದ್ದರು. ಆ ನಾಲ್ಕು ಕಾಯಿ ಹೋದರೆ ತಳಿಯೇ ಹೋಯಿತು.

ಮರುದಿನ ಮೊದಲ ಬಸ್ಸು ಹಿಡಿದಳು. ಇದ್ದಿಲ ಗ್ಯಾಸಿನ ಬಸ್ಸು, ಅರ್ಧ ದಾರಿಯಲ್ಲಿ ಕೆಮ್ಮಿ ನಿಂತಿತು. ಈಗ ಹೊರಟೀತು, ಆಗ ಹೊರಟೀತು ಎಂದು ಬಿಸಿಲೇರುವ ತನಕ ಕಾದು, ಕೊನೆಗೆ ಉಳಿದ ದಾರಿ ನಡೆದು ಮಂಡ್ಯ ಸೇರುವ ಹೊತ್ತಿಗೆ ಕ್ಲಬ್ಬಿನ ಹಿಂದೆ ಎಂಜಲೆಲೆ ಬಿದ್ದಿದ್ದವು. ಅಡಿಗೆಯ ನಾಗಯ್ಯ ಕೊಪ್ಪರಿಗೆ ಉಜ್ಜುತ್ತಿದ್ದ. ಹಳದಿ ಕಾಯಿ ಎಲ್ಲಿ ಎಂದು ಕೇಳಿದಳು.

"ಮೂರು ಎಣ್ಣೆಗಾಯಾದ್ವು ಕಣಮ್ಮ. ಇವು ಬೀಜದ ಕಾಯಿ, ಬೇಡಿ ಸ್ವಾಮಿ ಅಂತ ಏಳ್ದೆ. ನಿಂಗೇನು ಗೊತ್ತು ಮಾಡೋ ಅಂದ್ರು. ಒಂದು ತುತ್ತು ಬಾಯಿಗಿಟ್ಕೊಂಡು ಕಹಿ ಅಂತ ಎಲ್ಲಾರೂ ಉಗುದ್ರು. ಅಲ್ಲೇ ಬಿದ್ದವೆ ನೋಡು."

ಎಲೆಗಳ ಮೇಲೆ ಬೆಂದ ಬೀಜ ನೊಣ ಮುತ್ತಿ ಬಿದ್ದಿದ್ದವು. ಅವಳು ನೋಡಿದಳು. ನಾಲ್ಕನೆಯದು ಎಲ್ಲಿ ಎಂದಳು.

ಅವನು ಒಳಗಡೆ ಕೈ ತೋರಿದ; ಹೋಗಿ ನೋಡಿದರೆ ನಾಲ್ಕನೆಯದು ಹಜಾರದ ನಡುವಿನ ಮೇಜಿನ ಮೇಲಿತ್ತು. ಗಾಜಿನ ಜಾಡಿಯಲ್ಲಿ, ನೀರಿನಂಥದೇನೋ ದ್ರವದಲ್ಲಿ ಮುಳುಗಿ, ಎರಡು ಹೋಳಾಗಿ ನಿಂತಿತ್ತು. ಒಳಗಿನ ಬೀಜದ ಸಾಲು ಎದ್ದು ಕಾಣುತ್ತಿತ್ತು. ಮೂವತ್ತು ವರ್ಷದಿಂದ ಬೀಜ ತೆಗೆದ ಕಣ್ಣಿಗೆ ಅವು ಚೆನ್ನಾಗಿ ಬಲಿತಿವೆ ಎಂದು ಕೂಡಲೇ ತಿಳಿಯಿತು.

"ಬಂದೆಯಾ ತಾಯಿ!" ಎಂದು ಚೌಡಯ್ಯನವರು ಎದ್ದು, "ಪದಕ ತೆಗೆದುಕೊಳ್ಳಲು ಬಂದಿದ್ದಾಳೆ" ಎಂದು ಸಭೆಗೆ ಹೇಳಿದರು. ಮಂದಿ ಚಪ್ಪಾಳೆ ತಟ್ಟಿದರು. ಉಣ್ಣಲಾರದ ಕಾಯಿಗೆ ಮೊದಲ ಬಹುಮಾನ ಕೊಟ್ಟದ್ದು ಅವರಲ್ಲಿ ಒಬ್ಬರಿಗೂ ನಾಚಿಕೆ ಅನ್ನಿಸಲಿಲ್ಲ.

"ಪದಕ ನೀವೇ ಮಡಿಕಳಿ. ನನ್ ಕಾಯಿ ಕೊಡಿ."

"ಅದು ಇನ್ನು ಕ್ಲಬ್ಬಿನ ಸ್ವತ್ತಮ್ಮ" ಎಂದು ಡಾಕ್ಟರು ಜಾಡಿಯ ಮೇಲೆ ಬೆರಳು ಬಡಿದು ನಕ್ಕರು. "ನಿನ್ನೆ ಸಂಜೆಯೇ ಸ್ಪಿರಿಟ್ಟಿನಲ್ಲಿ ಇಟ್ಟಿದ್ದೇನೆ. ಹೆದರಬೇಡ, ನೂರು ವರ್ಷವಾದರೂ ಕೆಡುವುದಿಲ್ಲ."

"ಕೆಡ್ದೆ ಇದ್ರೆ ಮೊಳೆಯೋದೆಂಗೆ ಸ್ವಾಮಿ?"

ಅವಳು ಚೌಡಯ್ಯನವರ ಕಡೆ ತಿರುಗಿದಳು.

"ನಿಮ್ಮಪ್ಪ ಆರು ಕಟ್ಟಿ ಆರಂಬ ಮಾಡ್ದೋರು ತಾನೆ? ಬಟ್ಟೆ ಕಟ್ಟಿದ್ ಕಾಯಿ ಯಾತಕ್ ಅಂತ ಅವ್ರು ಏಳ್ಕೊಡ್ನಿಲ್ವಾ? ಇಲ್ಲಾ, ನಿಮ್ಗೆ ಏಳಿ ಪ್ರಯೋಜನಿಲ್ಲ ಅಂತ ಸುಮ್ಕಾದ್ರಾ?"

ಚೌಡಯ್ಯನವರ ಮುಖ ಕೆಂಪಾಯಿತು. ತಪ್ಪು ತಿಳಿದದ್ದಕ್ಕಲ್ಲ, ಗಣ್ಯರ ಮುಂದೆ ಅಪ್ಪನ ಆರು ಈಚೆ ಬಂದದ್ದಕ್ಕೆ. "ಉಪಕಾರ ಸ್ಮರಣೆ ಇಲ್ಲದ ಜನ" ಎಂದು ಇಂಗ್ಲಿಷಿನಲ್ಲಿ ಪಕ್ಕದವರಿಗೆ ಹೇಳಿದರು. ಅಷ್ಟರಲ್ಲಿ ಪಟ್ಟಲಮ್ಮ ಜಾಡಿಯ ಮುಚ್ಚಳ ತೆಗೆದು, ಆ ಹೋಳುಗಳನ್ನು ಸೆರಗಿಗೆ ಹಾಕಿಕೊಂಡು ಬಾಗಿಲು ದಾಟಿದ್ದಳು. ಮೇಜಿನ ಬಟ್ಟೆ ನೆನೆಯಿತೆಂದು ಕಾರ್ಯದರ್ಶಿಗಳು ಗದ್ದಲ ಮಾಡಿದರು.

ಆ ಬೀಜ ಸತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತೊಳೆದಳು, ನೆರಳಲ್ಲಿ ಒಣಗಿಸಿದಳು, ಬೂದಿ ಬೆರೆಸಿದಳು. ಮುಂಗಾರು ಬಿದ್ದಾಗ ಎಂದಿನ ಜಾಗದಲ್ಲೇ ಮಡಿ ಮಾಡಿ ಬಿತ್ತಿದಳು. ಎಂಟು ದಿನದಲ್ಲಿ ಬರಬೇಕಾದ ಮೊಳಕೆಗೆ ಇಪ್ಪತ್ತೆರಡು ದಿನ ನೀರು ಚಿಮುಕಿಸಿದಳು. ಚಿಕ್ಕಬೋರಯ್ಯ ಆ ದಿನಗಳಲ್ಲಿ ಊಟಕ್ಕೂ ಹೊರಗೇ ಕೂರುತ್ತಿದ್ದ. ಅವನಿಗೆ ಅಷ್ಟಾದರೂ ಮಾನವಿತ್ತು, ಕ್ಲಬ್ಬಿನವರಿಗೆ ಅದೂ ಇರಲಿಲ್ಲ. ಆ ತಿಂಗಳೇ ಅವರಿಂದ ಒಂದು ಕಾಗದ ಬಂತು: ಸುತ್ತಲಿನ ಹಳ್ಳಿಗಳ ಬಡ ರೈತರಿಗೆ ಹಂಚಲು ಬಂಗಾರ ಬದನೆಯ ಬೀಜವನ್ನು ಎರಡು ಸೇರು ಕಳಿಸಿಕೊಡಬೇಕು. ಶ್ಯಾನುಭೋಗರು ಓದಿ ಹೇಳಿದರು. ಅವಳು ಕಾಗದ ಇಸಿದುಕೊಂಡು ಒಲೆಗೆ ಹಾಕಿ ಮುದ್ದೆಗೆ ಎಸರಿಟ್ಟಳು.

ಆಷಾಢ ಹುಟ್ಟುವ ಮೊದಲು, ಎಂದಿನಂತೆ, ಬೀದಿಯ ಹೆಂಗಸರು ಮೊರ ಹಿಡಿದು ಬಂದರು. ಪಕ್ಕದ ಮನೆಯ ಮಹದೇವಮ್ಮ ಎಲ್ಲರಿಗಿಂತ ಮುಂದಿದ್ದಳು.

"ಎಲ್ಲಕ್ಕ ಸಸಿ?"

ಪಟ್ಟಲಮ್ಮ ಬರಿಯ ಮಡಿಯನ್ನು ತೋರಿಸಿದಳು. ಆ ದಿನ ಅವಳು ಯಾರನ್ನೂ ಬೈಯಲಿಲ್ಲ. ಹೆಂಗಸರಿಗೆ ಅದೇ ಭಯವಾಯಿತು. ಖಾಲಿ ಮೊರ ಮಗುಚಿ ಹಿಡಿದು ಒಬ್ಬೊಬ್ಬರೇ ಹೋದರು.

ಮುಂದಿನ ಗೌರಿ ಹಬ್ಬಕ್ಕೆ ಆ ಬೀದಿಯವರೆಲ್ಲ ಬದನೆಕಾಯನ್ನು ಸಂತೆಯಿಂದ ಕೊಂಡು ತಂದರು. ಎಲ್ಲಿಯದೋ ಬಿರುಸು ಕಾಯಿ, ಅರ್ಧ ಹುಳು. ಪಟ್ಟಲಮ್ಮನೂ ಕೊಂಡಳು.