ಅಳುವ ತಾಯಿಗೆ ನಾನು ಕೊಟ್ಟ ಕನ್ನಡ

ಸ್ನೇಹಿತರೇ, ಈಗಷ್ಟೇ ಮನೆಗೆ ಬಂದು ಇದನ್ನು ಟೈಪು ಮಾಡುತ್ತಿದ್ದೇನೆ. ನರಸೀಪುರದ ನಮ್ಮ ಫಿಲಂ ಸೊಸೈಟಿಯ ವಿದೇಶಿ ಚಿತ್ರಗಳ ವಾರದಲ್ಲಿ ಇವತ್ತು ಇರಾನಿನ ಚಿತ್ರವಿತ್ತು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಎಲ್ಲರೂ ಓದಲಾರರೆಂದು, ಮಾತುಗಳನ್ನು ಕನ್ನಡದಲ್ಲಿ ಬರೆದುಕೊಂಡು ಮೈಕಿನಲ್ಲಿ ಓದುವ ಕೆಲಸ ಶಾಲೆಯ ಮೇಷ್ಟ್ರಾದ ನನ್ನದಾಗಿತ್ತು.

ಗಾಬರಿಯಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟೆ. ಪರದೆಯ ಮೇಲೆ ತಾಯಿ ಮಗನ ಹೆಣದ ಮುಂದೆ ಕೂತಿದ್ದಾಳೆ. ನಾನು ‘ಮದುವೆಗೆ ಎಲ್ಲರೂ ಬನ್ನಿ’ ಎಂದು ಓದಿದೆ. ಜನ ಗೊಳ್ಳೆಂದು ನಕ್ಕರು. ಬೆವರುತ್ತ ಸರಿಯಾದ ಸಾಲು ಹುಡುಕುತ್ತಿದ್ದೆ. ಆಗ ಮುಂದೆ ಕೂತಿದ್ದ, ಸಂತೆಯಲ್ಲಿ ತರಕಾರಿ ಮಾರುವ ಸಿದ್ದಮ್ಮ ಎದ್ದು ನಿಂತರು.

“ಸುಮ್ಕಿರಿ ಮೇಷ್ಟ್ರೇ. ಆಯಮ್ಮ ಅಳಾದು ನಮ್ಗೇ ಗೊತ್ತಾಯ್ತದೆ.”

“ಕತೆ ತಿಳೀಬೇಕಲ್ಲಮ್ಮ?”

“ಮಗನ್ನ ಕಳ್ಕಂಡವ್ಳೆ. ಇನ್ನೇನ್ ತಿಳೀಬೇಕು?”

ಮೈಕ್ ಆಫ್ ಮಾಡಿ ಕೂತೆ. ನಗುತ್ತಿದ್ದವರು ಪರದೆಯತ್ತ ತಿರುಗಿದರು. ಚಿತ್ರ ಮುಗಿಯುವವರೆಗೆ ಒಬ್ಬರೂ ಏಳಲಿಲ್ಲ. ಸುಮಾರು ಜನ ಕಣ್ಣೊರೆಸಿಕೊಂಡರು.

ಇನ್ನು ನನ್ನ ಕೆಲಸ ಹೋಯಿತೆಂದು ಅಂಜುತ್ತಲೇ ಹೊರಗೆ ಬಂದೆ. ಕಾರ್ಯದರ್ಶಿ ಕೈ ಹಿಡಿದುಕೊಂಡು ಹೇಳಿದರು: “ನಾಳೆದು ಕಾಮಿಡಿ ಪಿಕ್ಚರ್ ಸಾರ್. ಅದ್ಕೆ ನೀವೇ ಓದ್ಬೇಕು.”