ಅಣ್ಣನ ಲೆಕ್ಕ, ನನ್ನ ಫೇರ್ ಕಾಪಿ

ನಮ್ಮಣ್ಣ ಫಿಜಿಕ್ಸ್ ಮಾಡುತ್ತಿದ್ದುದು ನೆಲದ ಮೇಲೆ. ಗುಲ್ಬರ್ಗಾದ ನಮ್ಮ ಮನೆಯ ಪಡಸಾಲೆಗೆ ಷಹಾಬಾದಿ ಫರಸಿ ಹಾಸಿತ್ತು. ಉಜ್ಜಿ ಉಜ್ಜಿ ಸ್ಲೇಟಿನಷ್ಟು ನುಣುಪಾಗಿದ್ದ ಕಲ್ಲು. ರಜೆಗೆ ಹೈದರಾಬಾದಿನಿಂದ ಬಂದನೆಂದರೆ ಚಾಕ್ ಹಿಡಿದು ಗೋಡೆಯ ಬುಡದಿಂದ ಶುರುಮಾಡಿ, ಕುಕ್ಕರಗಾಲಲ್ಲೇ ಹಿಂದೆ ಹಿಂದೆ ಸರಿಯುತ್ತ ಹೊಸ್ತಿಲವರೆಗೆ ಲೆಕ್ಕ ಬರೆಯುತ್ತಿದ್ದ. ಅವ್ವನ ಕಸಬರಿಗೆ ಬರುವುದರೊಳಗೆ ಅದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು ತಂಗಿಯಾದ ನನ್ನ ಡ್ಯೂಟಿ.

“ರಂಗೋಲಿ ಹಾಕೋದು ಹೆಣ್ಮಕ್ಕಳ ಕೆಲಸ. ಇವ ಎದಕ್ ಹಾಕ್ಲಾಕತ್ತಾನ?” ಎನ್ನುತ್ತಿದ್ದಳು ಅವ್ವ.

“ಇದು ದೇವರಿಗಲ್ಲಬೇ, ವಿಲಾಯತಿಯವರಿಗೆ” ಎನ್ನುತ್ತಿದ್ದ ಅಣ್ಣ.

“ಅವರಿಗಿ ಅಲ್ಲಿಂದ ನಮ್ಮ ಪಡಸಾಲಿ ಕಾಣ್ತದೇನು?”

ನಾವು ನಗುತ್ತಿದ್ದೆವು. ಈಗ ಆ ಮಾತು ನೆನಪಾದರೆ ನಗು ಬರುವುದಿಲ್ಲ.

ನಿಜಾಮರ ಕಾಲ, ಸರ್ಕಾರಿ ಕೆಲಸವೆಲ್ಲ ಉರ್ದುವಿನಲ್ಲಿ. ಅಪ್ಪ ಕಚೇರಿಯಲ್ಲಿದ್ದವರು. ಮಕ್ಕಳ ಎಜುಕೇಷನ್ ವಿಷಯದಲ್ಲಿ ಅವರದೇ ಒಂದು ಲಾಜಿಕ್ ಇತ್ತು: ಮಗನಿಗೆ ನೌಕರಿ ಆಗಬೇಕು, ಅದಕ್ಕೆ ಉರ್ದು, ಮಗಳಿಗೆ ನೌಕರಿ ಬೇಕಿಲ್ಲ, ಅದಕ್ಕೆ ಇಂಗ್ಲಿಷ್. ಹಾಗಾಗಿ ನಾನು ಸಿಕಂದರಾಬಾದಿನ ನನ್‌ಗಳ ಬೋರ್ಡಿಂಗಿನಲ್ಲಿ ಗ್ರಾಮರ್, ಕಾಂಪೊಸಿಷನ್, ಪಿಯಾನೊ ಕಲಿತೆ. ಅಣ್ಣ ಓದಿದ ಹೈದರಾಬಾದಿನ ಕಾಲೇಜಿನಲ್ಲಿ ಅಣುವಿನ ಪಾಠವೂ ಉರ್ದುವಿನಲ್ಲೇ. ಇಂಗ್ಲಿಷ್ ಜರ್ನಲ್ಲುಗಳನ್ನು ಡಿಕ್ಷನರಿ ಹಿಡಿದು ಓದುತ್ತಿದ್ದ, ಆದರೆ ಬರೆಯಲು ಕೂತರೆ ಕೈ ಕಟ್ಟಿಹಾಕಿದಂತಾಗುತ್ತಿತ್ತು. ರಜೆಯಲ್ಲಿ ಮುನ್ಷಿಯೊಬ್ಬರು ಮನೆಗೆ ಬಂದು ನನಗೂ ಉರ್ದು ಓದಲು ಕಲಿಸಿದ್ದರು. ಅಣ್ಣ ನನ್ನನ್ನು ಕರೆಯುತ್ತಿದ್ದುದು ಮೇಮ್‌ಸಾಬ್ ಎಂದು.

ಬೋರ್ಡಿಂಗಿನ ಕೊನೆಯ ಪರೀಕ್ಷೆ ಪಾಸಾದ ಮೇಲೆ ನನಗೆ ಕಾಲೇಜಿಗೆ ಹೋಗಬೇಕೆಂಬ ಆಸೆ. ಅಷ್ಟರಲ್ಲಿ ಕಮಲಾಪುರದಿಂದ ಸಂಬಂಧ ಬಂತು; ಬಾಳೆತೋಟದ ಮನೆತನ. ಒಂದು ಬೆಳಿಗ್ಗೆ ಅಪ್ಪ ಪಡಸಾಲೆಯಲ್ಲಿ ನಿಂತು ಅಣ್ಣನನ್ನು ಕೇಳಿದರು. ನಾನು ಬಾಗಿಲ ಹಿಂದೆ.

“ಏನಪಾ, ತಂಗಿಗಿ ಓದಸೋಣೋ, ಕೊಡೋಣೋ? ನಿನ್ನ ಮಾತೇನು?”

ಅಣ್ಣ ಲೆಕ್ಕದಲ್ಲಿದ್ದ. ತಲೆ ಎತ್ತಲಿಲ್ಲ. “ನಿಮಗ ತಿಳಿದಂಗ ಮಾಡ್ರಿ, ಅಪ್ಪ” ಎಂದ.

ಅಷ್ಟೇ. ಅವನು ಒಂದು ಮಾತು ಹೇಳಿದ್ದರೆ ಅಪ್ಪ ಕೇಳುತ್ತಿದ್ದರು. ಅವನ ಮಾತನ್ನು ಅವರು ಎಂದೂ ತೆಗೆದುಹಾಕಿದವರಲ್ಲ. ಚಾಕ್ ಕರಕರ ಅನ್ನುವುದು ಮಾತ್ರ ಬಾಗಿಲ ಹಿಂದಕ್ಕೆ ಕೇಳಿಸುತ್ತಲೇ ಇತ್ತು.

ಮದುವೆಯಾಗಿ ಒಂದು ವರ್ಷವಾಗಿರಬೇಕು, ಅಣ್ಣ ಮೋಟಾರು ಹತ್ತಿ ಕಮಲಾಪುರಕ್ಕೆ ಬಂದ. ಬಗಲಲ್ಲಿ ದಪ್ಪ ನೋಟ್‌ಬುಕ್, ತುಂಬ ಉರ್ದು. ಊಟಕ್ಕೆ ಕೂತವನು ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದಿದ್ದ.

“ನಿಮ್ಮಣ್ಣ ಉಣ್ಲಾಕತ್ತಾನೋ, ರೊಟ್ಟಿದೂ ಲೆಕ್ಕ ಮಾಡ್ಲಾಕತ್ತಾನೋ?” ಎಂದರು ನಮ್ಮತ್ತೆ.

ಉಂಡಾದ ಮೇಲೆ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಕೆಂಪು ಬಾಳೆಯ ಗುಂಪೊಂದರ ಮುಂದೆ ನಿಲ್ಲಿಸಿದ.

“ನೋಡು ಮೇಮ್‌ಸಾಬ್, ಒಂದು ಗಿಡ. ಇದರ ಬುಡಕ್ಕ ಎರಡು ಮರಿ. ಅವಕ್ಕ ಮತ್ತ ಮರಿ. ಎಲ್ಲಾ ಒಂದೇ ನೆಲದ ಸಾರ ಹಂಚ್ಕೊಂಡು ಉಣ್ತಾವ. ಗಿಡ ಹೆಚ್ಚಾದಂಗ ಪಾಲು ಕಮ್ಮಿ. ಒಂದಿನ ಮರಿ ಹಾಕೋ ತಾಕತ್ತೇ ಇರಂಗಿಲ್ಲ. ಆಕಾಶದಿಂದ ಬೀಳೋ ಕಣದ್ದೂ ಇದೇ ಹಣೇಬರಹ. ಗಾಳಿಗಿ ಬಡದು ಒಂದು ಎರಡಾಗಿ, ಎರಡು ನಾಲ್ಕಾಗಿ, ಎಲ್ಲಿ ತನಕ ಹೆಚ್ಚಿ ಎಲ್ಲಿ ಆರಿಹೋಗ್ತದ? ಅದು ನನಗ ಸಿಕ್ಕದ.”

ಅವನ ಮುಖ ಅಷ್ಟು ಹೊಳೆದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

“ನಮ್ಮ ಪ್ರೊಫೆಸರ್ ಸಾಹೇಬರು ಶಾಬಾಶ್ ಅಂದಾರ. ಇಂಗ್ಲಿಷ್ ಜರ್ನಲ್‌ನಾಗ ಅಚ್ಚಾದ್ರ ಸರ್ಕಾರಿ ಸ್ಕಾಲರ್‌ಷಿಪ್ ಸಿಗ್ತದ, ವಿಲಾಯತಿಗಿ ಹೋಗಬಹುದು. ನೀ ಇಂಗ್ಲಿಷ್‌ನಾಗ ಫೇರ್ ಕಾಪಿ ಮಾಡಿ ಕೊಡು. ನನ್ನ ಲೆಕ್ಕದ ದಾರಿ ನಿನ್ನಷ್ಟು ಯಾರಿಗಿ ಗೊತ್ತದ?”

“ಹದಿನೈದು ದಿನ” ಎಂದೆ.

ನಾಲ್ಕು ಪುಟ ಮಾಡಿದೆ. ಐದನೆಯ ಪುಟಕ್ಕೆ ಬಂದಾಗ, ಇವನು ವಿಲಾಯತಿಗೆ ಹೋಗುತ್ತಾನೆ, ನಾನು ಇಲ್ಲಿ ಗೊನೆ ಎಣಿಸುತ್ತಿರುತ್ತೇನೆ ಅನ್ನಿಸಿತು. ನೋಟ್‌ಬುಕ್ಕನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಸ್ಟುಪಿಡ್ ಪ್ರೈಡ್, ಮತ್ತೇನು! ಬಂದು ಒಂದು ಸಲ, ‘ನಿನಗೆ ಓದಬೇಕೆಂದಿತ್ತಲ್ಲ’ ಎಂದು ಅವನು ಅನ್ನಲಿ ಎಂದು ಕಾಯುತ್ತಿದ್ದೆ. ಅವನ ಕಾಗದ ಬಂತು: ಆಯಿತೇ? ಬಾಳೆ ಸುಗ್ಗಿ, ಪುರುಸೊತ್ತಿಲ್ಲ ಎಂದು ಬರೆದೆ. ಮತ್ತೊಂದು ಬಂತು. ಅದೇ ಉತ್ತರ. ಮಧ್ಯಾಹ್ನಗಳೆಲ್ಲ ಖಾಲಿ ಇದ್ದವು. ಕಿಟಕಿಯಲ್ಲಿ ಕೂತು ತೋಟ ನೋಡುತ್ತಿದ್ದೆ.

ಮಳೆಗಾಲ ಹೋಯಿತು, ಚಳಿ ಹೋಯಿತು, ಅವನ ಕಾಗದಗಳೂ ನಿಂತವು. ಆಗ ಹೆದರಿಕೆಯಾಯಿತು. ಟ್ರಂಕ್ ತೆಗೆದು ಕೂತೆ. ಒಂಬತ್ತು ಮಧ್ಯಾಹ್ನಗಳಲ್ಲಿ ಮುಗಿದುಹೋಯಿತು. ಬರೀ ಒಂಬತ್ತು.

ನಾನೇ ಗುಲ್ಬರ್ಗಾಕ್ಕೆ ತೆಗೆದುಕೊಂಡು ಹೋದೆ. ಅಣ್ಣ ಪಡಸಾಲೆಯಲ್ಲಿದ್ದ, ಪಕ್ಕದಲ್ಲಿ ಹೊಸ ಜರ್ನಲ್ ಬೋರಲಾಗಿ ಬಿದ್ದಿತ್ತು. ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದ.

“ಎಷ್ಟು ಛಲೋ ಬರ್ದೀ ತಂಗಿ. ಒಂದು ಕಡಿನೂ ತಪ್ಪಿಲ್ಲ” ಎಂದ. ಅವನು ನನ್ನನ್ನು ಮೇಮ್‌ಸಾಬ್ ಎನ್ನಲಿಲ್ಲ.

ಆಮೇಲೆ ಜರ್ನಲ್ಲನ್ನು ತಿರುಗಿಸಿ ನನ್ನ ಮುಂದಿಟ್ಟ. ಯಾವುದೋ ದೇಶದ ಯಾರೋ ಒಬ್ಬರು. ಅದೇ ಪ್ರಶ್ನೆ, ಅದೇ ಉತ್ತರ. ಏರಿ ಇಳಿಯುವ ಅದೇ ಗೆರೆ, ನಾನು ಅವನ ನೋಟ್‌ಬುಕ್ಕಿನಿಂದ ಕಾಪಿ ಮಾಡಿದ್ದ ಆ ಗೆರೆ.

“ಲೆಕ್ಕ ಖರೇ ಇತ್ತು ನೋಡು” ಎಂದ. “ಇವರಿಗೊಂದು ಕಾಗದ ಬರೀಬೇಕು. ಭಾಳ ಚಂದ ಮಾಡ್ಯಾರ ಅಂತ. ನೀ ಬರದು ಕೊಡ್ತೀಯೇನು?”

ಆ ಕಾಗದವನ್ನು ನಾನು ಅಲ್ಲೇ ಕೂತು ಬರೆದೆ. ಅಂದೇ ಟಪಾಲಿಗೆ ಹಾಕಿಸಿದೆ. ಕೆಲವು ತಿಂಗಳ ಮೇಲೆ ಕಾರ್ಡೊಂದು ಬಂತು: ಥ್ಯಾಂಕ್ಸ್, ಈ ವಿಷಯದಲ್ಲಿ ನೀವೇನಾದರೂ ಪ್ರಕಟಿಸಿದ್ದರೆ ದಯವಿಟ್ಟು ಒಂದು ಪ್ರತಿ ಕಳಿಸಿ. ಅಣ್ಣ ಅದನ್ನು ಓದಿ ನನಗೇ ಕೊಟ್ಟ.

ಆ ವರ್ಷದ ಸ್ಕಾಲರ್‌ಷಿಪ್ ಬೇರೆಯವರಿಗೆ ಹೋಯಿತು. ಮುಂದೆ ಅಣ್ಣ ಗುಲ್ಬರ್ಗಾದಲ್ಲೇ ಮೇಷ್ಟ್ರಾದ. ಲೆನ್ಸು, ಮ್ಯಾಗ್ನೆಟ್ಟು, ವರ್ಷ ವರ್ಷವೂ ಅದೇ ಪಾಠ. ಹುಡುಗರಿಗೆ ಅವನೆಂದರೆ ಪ್ರೀತಿ. ಮನೆಯಲ್ಲಿ ಮಾತ್ರ ಮತ್ತೆಂದೂ ನೆಲಕ್ಕೆ ಚಾಕ್ ಮುಟ್ಟಿಸಲಿಲ್ಲ. ಮೊದಲೆಲ್ಲ ಬೈಯುತ್ತಿದ್ದ ಅವ್ವನೇ ದಿನಾ ಬೆಳಿಗ್ಗೆ ಫರಸಿ ಒರೆಸಿ, ಒಂದು ಹೊಸ ಚಾಕ್ ಕಂಬದ ಬುಡಕ್ಕೆ ಇಟ್ಟು ಹೋಗುತ್ತಿದ್ದಳು. ಸಂಜೆ ಅದನ್ನೇ ಎತ್ತಿಡುತ್ತಿದ್ದಳು.

ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಒಂದು ಸಂಜೆ ಧೈರ್ಯ ಮಾಡಿದೆ.

“ಅಣ್ಣಾ, ಆ ವರ್ಷ ನಾ ಬಾಳಿ ಸುಗ್ಗಿ ಅಂತ ಬರ್ದಿದ್ದೆ...”

“ಬಾಳಿಗಿ ಸುಗ್ಗಿ ಎಲ್ಲಿರ್ತದ, ಮೇಮ್‌ಸಾಬ್? ವರ್ಷಪೂರ್ತಿ ಗೊನಿ ಬೀಳ್ತಾವ. ಅಷ್ಟೂ ತಿಳಿಯಂಗಿಲ್ಲೇನು ನನಗ?”

“ಮತ್ತ ಬಂದು ಯಾಕ ಬೈಲಿಲ್ಲ?”

ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದ. ಒರೆಸುತ್ತಲೇ ಇದ್ದ.

“ಅಪ್ಪ ಕೇಳಿದ ದಿನ ನಾ ತಲಿ ಎತ್ತಬೇಕಾಗಿತ್ತು” ಎಂದ. “ಅವತ್ತು ಮಾಡ್ಲಾಕತ್ತಿದ್ದ ಲೆಕ್ಕ ತಪ್ಪಿತ್ತು, ಗೊತ್ತೇನು? ಮರುದಿನ ಎಲ್ಲಾ ಅಳಿಸಿಬಿಟ್ಟೆ.”

ಅಣ್ಣ ಕನ್ನಡಕ ಹಾಕಿಕೊಂಡು, ಊಟಕ್ಕೆ ಏಳು ಎಂದು ನನ್ನ ಕೈ ಹಿಡಿದು ಎಬ್ಬಿಸಿದ.