ಉತ್ತರದ ಬಾಗಿಲಿನ ಆರ್ಜಿಯಾ

ಆರ್ಜಿಯಾ ಬಾಸ್ತಿಯಾನೆಲ್ಲಿ ಒಳ್ಳೆಯ ಹೆಂಗಸು ಎಂದು ಈಗ ಎಲ್ಲರೂ ಹೇಳುತ್ತಿದ್ದಾರೆ. ಬದುಕಿದ್ದಾಗ ಮೊಂತಾರ್ಸೊ ಊರಿನಲ್ಲಿ ಯಾರೂ ಹಾಗೆ ಹೇಳಿದ್ದಿಲ್ಲ. ಅವಳದು ಬಾಯಿ ಜೋರು, ಮುಖ ಸದಾ ಗಂಟು. ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತಿ ಊರು ನೋಡಲು ಬರುವವರನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡ ಇಗರ್ಜಿಯ ಮುಂಬಾಗಿಲಲ್ಲಿ ಟಿಕೆಟ್ ಶುರುವಾದಾಗ, ಪ್ರಾರ್ಥನೆಗೆ ಬರುವವರಿಗೆಂದು ಉತ್ತರದ ಸಣ್ಣ ಬಾಗಿಲನ್ನು ಪುಕ್ಕಟೆಯಾಗಿ ಬಿಟ್ಟಿದ್ದರು. ಮೇಲುಕೇರಿಯ ಮುದುಕಿಯರು ಅದರಲ್ಲೇ ಹೋಗಿ ತಮ್ಮ ಸತ್ತವರಿಗೆ ಮೇಣದಬತ್ತಿ ಹಚ್ಚಿ ಬರುತ್ತಿದ್ದರು. ಆ ಕೇರಿಯ ಶವಪೆಟ್ಟಿಗೆಗಳೂ ಲಾಗಾಯ್ತಿನಿಂದ ಒಳಗೆ ಹೋಗುತ್ತಿದ್ದದ್ದು ಅದೇ ಬಾಗಿಲಿನಿಂದ. ಆದರೆ ಪ್ರಾರ್ಥನೆ ಎಂದರೆ ಸಾಕು, ಟಿಕೆಟ್ ದುಡ್ಡು ಉಳಿಯುತ್ತದೆ ಎಂಬ ಸುದ್ದಿ ಹೇಗೋ ಜನರ ಫೋನುಗಳಿಗೆ ಹತ್ತಿತು. ಬಸ್ಸಿನಿಂದ ಇಳಿದವರು ಬ್ರೆಡ್ಡು ಅಗಿಯುತ್ತಲೇ ಭಕ್ತರಾಗಿ ನುಗ್ಗತೊಡಗಿದರು. ಬಾಗಿಲಿಗೆ ಬೀಗ ಹಾಕಿಸುತ್ತೇನೆಂದು ಪಾದ್ರಿ ಡಾನ್ ಸಿಲ್ವಾನೊ ಹೇಳಿದಾಗ ಆರ್ಜಿಯಾ ಪಾದ್ರಿಯ ಮನೆಗೇ ಹೋಗಿ ಜಗಳವಾಡಿದಳು. ಕೊನೆಗೆ ಒಪ್ಪಂದವಾಯಿತು. ಬಾಗಿಲನ್ನು ಅವಳೇ ಕಾಯಬೇಕು. ಅದರಿಂದ ಹೋದ ಒಬ್ಬನೇ ಒಬ್ಬ ಒಳಗೆ ಫೋಟೊ ತೆಗೆಯುತ್ತ ಸಿಕ್ಕಿಬಿದ್ದರೂ ಬೀಗ.

ಅಂದಿನಿಂದ ಅವಳ ಜೊಂಡಿನ ಕುರ್ಚಿ ಆ ಹೊಸ್ತಿಲಿಗೆ ಅಡ್ಡಲಾಗಿ ಬಂತು. ಅವಳು ಕೇಳುತ್ತಿದ್ದದ್ದು ಒಂದೇ ಮಾತು: ಯಾರಿಗಾಗಿ? ನಿಜವಾಗಿ ಬಂದವರ ಬಾಯಲ್ಲಿ ಹೆಸರು ತಟ್ಟನೆ ಬರುತ್ತಿತ್ತು. ಸುಳ್ಳರು ಆಕಾಶ ನೋಡುತ್ತಿದ್ದರು. ಅಜ್ಜಿಗಾಗಿ ಎಂದರೆ ಅಜ್ಜಿಯ ಹೆಸರು ಹೇಳಬೇಕು. ಬೊಲೊನ್ಯಾ ಶಹರದಿಂದ ಬಂದ ಒಬ್ಬ ಹಾಗೆ ತಡವರಿಸಿದಾಗ ಅವಳು, "ಅಜ್ಜಿ ಇನ್ನೂ ಸಿಕ್ಕಿಲ್ವೇನಪ್ಪ? ಮುಂಬಾಗಿಲಿಗೆ ಹೋಗು. ದುಡ್ಡು ಕೊಟ್ರೆ ಅಲ್ಲಿ ಸಿಗ್ತಾಳೆ" ಎಂದಿದ್ದಳು.

ಎದುರಿನ ಚಪ್ಪಲಿ ಅಂಗಡಿಯ ಡೆಲ್ಫೊ ಹಳೆಯ ಕಮ್ಯುನಿಸ್ಟ್. ತನ್ನ ಮದುವೆಯ ದಿನ ಬಿಟ್ಟರೆ ಇಗರ್ಜಿಯ ಹೊಸ್ತಿಲು ತುಳಿದವನಲ್ಲ. ಸಂಜೆ ಅವನ ಅಂಗಡಿಯಲ್ಲೇ ಅವನೂ ಆರ್ಜಿಯಾಳೂ ಇಸ್ಪೀಟಾಡುತ್ತಿದ್ದರು, ಬೈದಾಡುತ್ತಿದ್ದರು.

"ಪಾದ್ರಿಗೆ ಸಂಬಳ ಕೇಳದ ನಾಯಿ ಸಿಕ್ತು ನೋಡು," ಎನ್ನುತ್ತಿದ್ದ ಡೆಲ್ಫೊ. "ಅದೂ ಕಚ್ಚೋ ನಾಯಿ."

"ನಿನ್ನ ಹೆಣ ಬಂದಾಗ್ಲೂ ಕೇಳ್ತೀನಿ ಕಣೋ, ಯಾರಿಗಾಗಿ ಅಂತ. ಒಬ್ಬರೂ ಬಾಯಿ ಬಿಡಲ್ಲ."

ಒಂದು ಮಧ್ಯಾಹ್ನ, ಡೆಲ್ಫೊ ಅಂಗಡಿ ಮುಚ್ಚಿ ಊಟಕ್ಕೆ ಹೋಗಿದ್ದಾಗ, ಮಳೆಯಲ್ಲಿ ನೆಂದ ಒಬ್ಬ ಹೆಂಗಸು ಬಂದಳು. ಬೆನ್ನ ಮೇಲೆ ಚೀಲ, ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬ್ರೆಡ್ಡು. ಯಾರಿಗಾಗಿ ಎಂದು ಆರ್ಜಿಯಾ ಕೇಳಿದಳು. ಬಹಳ ಹೊತ್ತಾದ ಮೇಲೆ ಆ ಹೆಂಗಸು, "ಹೆಸರಿಡೋದಕ್ಕೆ ಆಗಲಿಲ್ಲ" ಎಂದಳು. ಇದು ಹೊಸ ಆಟ ಎಂದುಕೊಂಡ ಆರ್ಜಿಯಾ ಅವಳನ್ನು ಗದರಿ ಕಳಿಸಿದಳು. ಅವಳು ಮುಂಬಾಗಿಲಿಗೆ ಹೋಗಲಿಲ್ಲ, ಊರು ನೋಡಲೂ ಹೋಗಲಿಲ್ಲ. ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಎರಡೂ ಕೈಗಳಿಂದ ಹೊಟ್ಟೆಯನ್ನು ಅಪ್ಪಿಕೊಂಡು, ಮಳೆಯಲ್ಲೇ ಕುಳಿತಳು.

ಆರ್ಜಿಯಾ ಎಷ್ಟು ಹೊತ್ತು ಅವಳನ್ನೇ ದುರುಗುಟ್ಟಿ ನೋಡಿದಳೋ. ಕೊನೆಗೆ ಎದ್ದು ಹೋಗಿ, ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬತ್ತಿಯನ್ನು ತಾನೇ ಹಚ್ಚಿಕೊಟ್ಟಳು.

ಅಷ್ಟರಲ್ಲಿ ಕತ್ತಲ ಗೋಡೆಯ ಮೇಲೆ ಫಳ್ಳೆಂದು ಬೆಳಕು ಬಿತ್ತು. ಹೊರಗೆ ಖಾಲಿ ಕುರ್ಚಿ ಕಂಡ ನಾಲ್ಕು ಜನ ಒಳಗೆ ಬಂದು ಫೋಟೊ ತೆಗೆಯುತ್ತಿದ್ದರು. ಡಾನ್ ಸಿಲ್ವಾನೊ ಮಾತಿಗೆ ತಪ್ಪುವವರಲ್ಲ. ಮಾರನೆಯ ದಿನ ಬೀಗ ಬಿತ್ತು.

ಮುದುಕಿಯರು ಇನ್ನು ಮುಂದೆ ಊರಿನವರೆಂಬ ಗುರುತಿನ ಚೀಟಿ ತೋರಿಸಿ ಮುಂಬಾಗಿಲಿನಿಂದ ಹೋಗಬೇಕಾಯಿತು. ಆರ್ಜಿಯಾ ಹೋಗಲಿಲ್ಲ. ಸಾಯುವವರೆಗೂ ಬೀಗ ಬಿದ್ದ ಬಾಗಿಲ ಮುಂದೆಯೇ ಕುರ್ಚಿ ಹಾಕಿಕೊಂಡು ದಾರಿಹೋಕರಿಗೆ ಬೈಯುತ್ತಿದ್ದಳು. ಆ ಹೆಂಗಸನ್ನು ಅವಳು ಕ್ಷಮಿಸಲೇ ಇಲ್ಲ.

"ಆವತ್ತು ಅವಳನ್ನ ಅಲ್ಲೇ ನೆನೆಯೋಕೆ ಬಿಡಬೇಕಿತ್ತು," ಎಂದಳೊಮ್ಮೆ, ಇಸ್ಪೀಟಿನ ಎಲೆಯಿಂದ ಕಣ್ಣೆತ್ತದೆ.

"ಬಿಡಲಿಲ್ವಲ್ಲ."

"ಅದಕ್ಕೇ ಸಿಟ್ಟು."

ಕಳೆದ ನವೆಂಬರಿನಲ್ಲಿ ಅವಳು ತೀರಿಕೊಂಡಾಗ ಡೆಲ್ಫೊ ಮೊದಲ ಸಲ ಪಾದ್ರಿಯ ಮನೆ ಬಾಗಿಲು ಬಡಿದು, ಉತ್ತರದ ಬಾಗಿಲಿನ ಬೀಗದ ಕೈ ಕೇಳಿದ. ಪೆಟ್ಟಿಗೆ ತರಲು ಮುಂಬಾಗಿಲೇ ಅಗಲವಾಗಿದೆಯಲ್ಲ ಎಂದರು ಡಾನ್ ಸಿಲ್ವಾನೊ.

"ಆ ಕಡೆಯಿಂದ ಕರ್ಕೊಂಡು ಹೋದ್ರೆ ಟಿಕೆಟ್ ಕೊಂಡ ಹಾಗಾಗುತ್ತೆ, ಫಾದರ್. ಪೆಟ್ಟಿಗೆಯಿಂದ ಎದ್ದು ಕೂತು ನಮ್ಮಿಬ್ಬರಿಗೂ ಬೈತಾಳೆ."

ಅವರು ಒಳಗೆ ಹೋಗಿ ಬೀಗದ ಕೈ ತಂದುಕೊಟ್ಟರು.

ತುಕ್ಕು ಹಿಡಿದ ಕದ ಕಿರುಗುಟ್ಟುತ್ತ ತೆರೆಯಿತು. ಪೆಟ್ಟಿಗೆ ಒಳಗೆ ಹೋಯಿತು. ಹಿಂದೆ ಕೇರಿಯ ಮುದುಕಿಯರೂ ಹೋದರು. ಡೆಲ್ಫೊ ಮಾತ್ರ ಹೊರಗೇ ನಿಂತಿದ್ದ. ಆಗ, ಎಲ್ಲರ ಕೊನೆಯಲ್ಲಿ, ಬೆನ್ನಿಗೆ ಚೀಲ ಹಾಕಿದ ನಡುವಯಸ್ಸಿನವನೊಬ್ಬ ತಲೆ ತಗ್ಗಿಸಿಕೊಂಡು ಮೆಲ್ಲನೆ ನುಸುಳಲು ಬಂದ. ಡೆಲ್ಫೊ ಕೈ ಅಡ್ಡ ಹಿಡಿದ.

"ಯಾರಿಗಾಗಿ?"

"ಆರ್ಜಿಯಾ ಬಾಸ್ತಿಯಾನೆಲ್ಲಿಗಾಗಿ," ಎಂದ ಅವನು ತಟ್ಟನೆ. ಆಕಾಶ ನೋಡಲೇ ಇಲ್ಲ.

ಡೆಲ್ಫೊ ಚಾಚಿದ್ದ ಕೈಯನ್ನು ಅರ್ಧ ಇಳಿಸಿದ. ತಿರುಗಿ ನೋಡಿದ. ತನ್ನ ತಲೆಯ ಹಿಂದೆಯೇ, ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ ಸಾವಿನ ಪ್ರಕಟಣೆಯಲ್ಲಿ, ಅವಳ ಹೆಸರು ದಪ್ಪ ಅಕ್ಷರಗಳಲ್ಲಿತ್ತು. ಅಂಟು ಇನ್ನೂ ಆರಿರಲಿಲ್ಲ.

"ಟಿಕೆಟ್ ಮುಂಬಾಗಿಲಲ್ಲಿ," ಎಂದ. ಆ ಮನುಷ್ಯ ಕದಲಲಿಲ್ಲ. ಡೆಲ್ಫೊ ಹಿಂದಕ್ಕೆ ಸರಿದು ಅವನ ಮುಖದ ಮೇಲೆಯೇ ಕದ ಎಳೆದು, ಒಳಗಿನಿಂದ ಅಗಳಿ ಹಾಕಿದ. ತಾನು ಇಗರ್ಜಿಯ ಒಳಗಿದ್ದೇನೆ ಎಂಬುದು ಅವನಿಗೆ ಹೊಳೆದದ್ದು ಆಮೇಲೆ.